ಕಡಿಮೆ ದುಡ್ಡಿನ ಲೆನ್ಸ್, ಅಜ್ಜಿಯ ಕಥೆ, ಆ ಕರಕರ ಸದ್ದು

ಕೇಳಿಸಿತಾ? ಇನ್ನೊಂದು ಸಲ ಹಾಕುತ್ತೇನೆ, ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಅಜ್ಜಿ "ಅವತ್ತು ರಾತ್ರಿ ಮಳೆ..." ಅಂತ ಶುರು ಮಾಡುತ್ತಾಳೆ, ಸರಿಯಾಗಿ ಅಲ್ಲೇ, ಕರ್ರ್... ಕರ್ರ್. ಇಲಿ ಅಲ್ಲ. ಲೆನ್ಸಿನೊಳಗಿನ ಮೋಟಾರು ಫೋಕಸ್ ಹುಡುಕುತ್ತಿರುವ ಸದ್ದು. ಇಪ್ಪತ್ತು ನಿಮಿಷ ಕಥೆ ಹೇಳಿದ್ದಾಳೆ, ಇಪ್ಪತ್ತು ನಿಮಿಷವೂ ಹಿಂದೆ ಇದೇ ಸಂಗೀತ.

ಆ ಹಳೇ ಲೆನ್ಸ್ ಫೋಟೋಗೆ ಚಿನ್ನದಂಥದ್ದು. ನೋಡಿದವರೆಲ್ಲ ಹಾಗೇ ಅಂದರು, ನಾನೂ ನಂಬಿ ತಗೊಂಡೆ. ಫೋಟೋದಲ್ಲಿ ಸದ್ದು ಬರಲ್ಲ ಅಲ್ವಾ, ಅದು ಹೊಳೆಯಲೇ ಇಲ್ಲ. ಅದಕ್ಕೇ ಇವತ್ತು, ಕಡಿಮೆ ದುಡ್ಡಿನಲ್ಲಿ ವಿಡಿಯೋಗೆ ಲೆನ್ಸ್ ಆರಿಸುವ ಮಾತು.

ಲೆನ್ಸ್ ಅಂದ ಕೂಡಲೇ ಎಲ್ಲರೂ ಮೊದಲು ಕೇಳುವುದು "ಶಾರ್ಪ್ ಇದೆಯಾ?" ಅಂತ. ಲೆಕ್ಕ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋದಲ್ಲಿ 2 ಕೋಟಿ 40 ಲಕ್ಷ ಚುಕ್ಕೆಗಳಿರುತ್ತವೆ. ಅದೇ ಕ್ಯಾಮೆರಾದ ಫುಲ್ ಎಚ್‌ಡಿ ವಿಡಿಯೋದಲ್ಲಿ ಒಂದು ಫ್ರೇಮಿಗೆ ಸುಮಾರು 20 ಲಕ್ಷ, ಅಷ್ಟೇ. ಅಂಚಿನಲ್ಲಿ ಚೂರು ಮಸುಕು ಅಂತ ಫೋಟೋದವರು ಬದಿಗಿಟ್ಟ ಲೆನ್ಸ್ ನಮಗೆ ಧಾರಾಳವಾಗಿ ಸಾಕು. ನಮಗೆ ಬೆಳಕು ಬೇಕು, ಸದ್ದು ಬೇಡ, ಫೋಕಸ್ ರಿಂಗ್ ಬೆರಳಿಗೆ ನೆಟ್ಟಗೆ ಸಿಗಬೇಕು.

ಹೊಸದು ತಗೊಳ್ಳುವ ಮೊದಲು ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸನ್ನೇ ಕೈಗೆತ್ತಿಕೊಳ್ಳಿ. ಈ ಅಂಕಿಗಳು ಎಂಎಂ ಲೆಕ್ಕ, ಚಿಕ್ಕದಾದಷ್ಟು ಅಗಲವಾಗಿ, ದೊಡ್ಡದಾದಷ್ಟು ಹತ್ತಿರವಾಗಿ ಕಾಣುತ್ತದೆ. ಅದನ್ನು ಬೈಯುವುದು ಒಂದು ಫ್ಯಾಷನ್ ಆಗಿಬಿಟ್ಟಿದೆ. ಆದರೆ ಅದರಲ್ಲಿ ಕೈ ನಡುಕ ತಗ್ಗಿಸುವ ಸ್ಟೆಬಿಲೈಸರ್ ಇದ್ದರೆ, ಕೈಯಲ್ಲಿ ಹಿಡಿದು ಶೂಟ್ ಮಾಡುವಾಗ ಅದರ ಬೆಲೆ ಗೊತ್ತಾಗುತ್ತದೆ. ತೊಂದರೆ ಬೆಳಕಿನದ್ದು. ಬೆಳಕು ಒಳಗೆ ಬರುವ ಕಿಂಡಿಗೆ ಅಪರ್ಚರ್ ಅಂತಾರೆ, ಎಫ್ ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು. 18ರಲ್ಲಿ ಎಫ್ 3.5 ಇರುವ ಅಪರ್ಚರ್, ಜೂಮ್ ಮಾಡುತ್ತಾ 55ಕ್ಕೆ ಬರುವಷ್ಟರಲ್ಲಿ 5.6ಕ್ಕೆ ಇಳಿದಿರುತ್ತದೆ. ರೆಕಾರ್ಡ್ ಆಗುತ್ತಿರುವಾಗ ಜೂಮ್ ಮಾಡಿದರೆ ಯಾರೋ ದೀಪ ತಗ್ಗಿಸಿದ ಹಾಗೆ ಕಾಣುತ್ತದೆ.

ಈಗ ಒಂದು ಕೆಲಸ ಮಾಡಿ. ಜೂಮ್ ರಿಂಗನ್ನು 24ಕ್ಕೆ ತಿರುಗಿಸಿ, ಅಲುಗಾಡದಂತೆ ಟೇಪ್ ಅಂಟಿಸಿ, ಒಂದು ವಾರ ಅದರಲ್ಲೇ ಶೂಟ್ ಮಾಡಿ. ಮುಂದಿನ ವಾರ 35. ಆಮೇಲೆ 50. ಮೂರು ವಾರದಲ್ಲಿ ನಿಮಗೆ ಯಾವುದು ಬೇಕು ಅನ್ನುವುದು ನಿಮ್ಮದೇ ಕ್ಲಿಪ್ಪುಗಳಲ್ಲಿ ಕಾಣುತ್ತದೆ, ನನ್ನಂಥವರ ಮಾತು ಕೇಳುವುದೇ ಬೇಡ.

ನಾನು ಈ ಟೇಪಿನ ಕೆಲಸ ಮಾಡದೇ ನೇರವಾಗಿ 50ಕ್ಕೆ ಹಾರಿದವಳು. ಎಲ್ಲರೂ ಹೇಳುವುದು ಅದನ್ನೇ, 50 ಎಂಎಂ ಎಫ್ 1.8 ತಗೋ, ಕಣ್ಣು ಮುಚ್ಚಿ ತಗೋ. ಆದರೆ ಕ್ಯಾನನ್‌ನ ಚಿಕ್ಕ ಸೆನ್ಸರಿನ (ಬೆಳಕು ಹಿಡಿಯುವ ಚಿಪ್ಪಿನ) ಕ್ಯಾಮೆರಾದಲ್ಲಿ ಅದು ದೊಡ್ಡ ಸೆನ್ಸರಿನ ಮೇಲಿನ 80 ಎಂಎಂ ಲೆನ್ಸಿನಷ್ಟು ಹತ್ತಿರ ತೋರಿಸುತ್ತದೆ, 1.6ರಿಂದ ಗುಣಿಸಬೇಕು. ನಿಕಾನ್‌ನಲ್ಲಾದರೆ 1.5, ಅಂದರೆ 75. ಮುಖ ಮಾತ್ರ ತೆಗೆಯಲು ಚೆಂದವೋ ಚೆಂದ. ಆದರೆ ನಮ್ಮ ರೂಮಿನಲ್ಲಿ ನನ್ನ ಬೆನ್ನು ಗೋಡೆಗೆ ತಾಗಿದರೂ ಅಜ್ಜಿಯ ಮೊಣಕೈ ಫ್ರೇಮಿಗೆ ಬರಲಿಲ್ಲ, ಅವಳೋ ಕೈ ಆಡಿಸದೆ ಕಥೆ ಹೇಳುವವಳೇ ಅಲ್ಲ. ಮನೆಯೊಳಗೆ ಶೂಟ್ ಮಾಡುವವರು ಮೊದಲು 24 ನೋಡಿ, ನನ್ನ ಮಾತು ಅದೇ. ಕ್ಯಾನನ್‌ನಲ್ಲಿ 24 ಎಂಎಂ ಎಫ್ 2.8 ಇದೆ, ಬಿಸ್ಕತ್ತಿನಷ್ಟು ತೆಳ್ಳಗೆ. ನಿಕಾನ್‌ನವರಿಗೆ 35 ಎಂಎಂ ಎಫ್ 1.8 ಜಿ, 24ರಷ್ಟು ಅಗಲ ಅಲ್ಲ, ಆದರೂ 50ಕ್ಕಿಂತ ವಾಸಿ. ನಿಕಾನ್‌ನವರು ಇನ್ನೊಂದು ನೆನಪಿಡಿ, 50 ಎಂಎಂ ಎಫ್ 1.8 ಡಿ ಅನ್ನುವ ಹಳೇ ಲೆನ್ಸಿನೊಳಗೆ ಮೋಟಾರೇ ಇಲ್ಲ, ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಅದು ಆಟೋಫೋಕಸ್ ಆಗುವುದಿಲ್ಲ.

ಸದ್ದಿನ ಮಾತಿಗೆ ಬಂದರೆ, ಕ್ಯಾನನ್‌ನಲ್ಲಿ ಎಸ್‌ಟಿಎಂ ಅಂತ ಬರೆದಿದೆಯಾ ನೋಡಿ. ಅದು ಸ್ಟೆಪ್ಪಿಂಗ್ ಮೋಟಾರು, ನಿಧಾನಕ್ಕೆ ಜಾರುತ್ತದೆ, ಸದ್ದು ಕಡಿಮೆ. 50 ಎಂಎಂ ಎಫ್ 1.8 ಕೂಡ 2015ರಿಂದ ಎಸ್‌ಟಿಎಂ ಆಗಿ ಸಿಗುತ್ತಿದೆ. ಒಂದು ಕಿರಿಕಿರಿ ಇದೆ. ಇವುಗಳ ಫೋಕಸ್ ರಿಂಗ್ ನೇರವಾಗಿ ಗಾಜನ್ನು ತಿರುಗಿಸುವುದಿಲ್ಲ, ಮೋಟಾರಿಗೆ ಹೇಳುತ್ತದೆ ಅಷ್ಟೇ, ಕ್ಯಾಮೆರಾ ಆಫ್ ಇದ್ದರೆ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ.

1.8 ಸಿಕ್ಕಿದ ಖುಷಿಯಲ್ಲಿ ಎಲ್ಲವನ್ನೂ 1.8ರಲ್ಲೇ ತೆಗೆಯಬೇಡಿ. ಅಷ್ಟು ತೆರೆದರೆ ಫೋಕಸ್ ಆಗುವ ಜಾಗ ತೀರಾ ತೆಳ್ಳಗಾಗುತ್ತದೆ. ಈ ಶಾಟ್ ನೋಡಿ, ಅಜ್ಜಿಯ ಮೂಗು ಸ್ಪಷ್ಟ, ಓಲೆ ಮಸುಕು, ಅವಳು ನಾಲ್ಕು ಬೆರಳು ಹಿಂದೆ ವಾಲಿದರೆ ಮೂಗೂ ಇಲ್ಲ. 2.8ಕ್ಕೋ 4ಕ್ಕೋ ತನ್ನಿ, ನೆಮ್ಮದಿಯಾಗಿರುತ್ತೀರಿ. ಬೆಳಕು ನಿಜವಾಗಿಯೂ ಕಡಿಮೆ ಇದ್ದಾಗ ಮಾತ್ರ 1.8. ಎಫ್ 5.6ಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ, ಐಎಸ್‌ಒ (ಕ್ಯಾಮೆರಾ ಚಿತ್ರವನ್ನು ಎಷ್ಟು ಬೆಳಗಿಸುತ್ತದೆ ಅನ್ನುವ ಅಂಕಿ) 6400 ಬೇಕಿದ್ದ ಕಡೆ 640 ಸಾಕಾಗುತ್ತದೆ.

ಹೊರಗೆ ಬಿಸಿಲಿಗೆ ಬಂದರೆ ಕಥೆ ಉಲ್ಟಾ. ಸೆಕೆಂಡಿಗೆ 25 ಫ್ರೇಮ್ ಅಂದರೆ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/50ರಲ್ಲಿ ಇರಬೇಕು, ಅದಕ್ಕಿಂತ ತೀರಾ ವೇಗವಾದರೆ ನಡೆಯುವವರು ಗೊಂಬೆಗಳ ಹಾಗೆ ಜರ್ಕ್ ಜರ್ಕ್ ಆಗಿ ಕಾಣುತ್ತಾರೆ. ಉರಿಬಿಸಿಲಲ್ಲಿ 1/50, ಐಎಸ್‌ಒ 100 ಇಟ್ಟರೆ ಅಪರ್ಚರ್ ಎಫ್ 22ಕ್ಕೆ ಹೋಗಬೇಕಾಗುತ್ತದೆ. 2.8 ಬೇಕೇ ಬೇಕು ಅಂದರೆ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ ಫಿಲ್ಟರ್ ಬೇಕು. ಲೆನ್ಸಿಗೆ ದುಡ್ಡು ಕೂಡಿಡುವಾಗ ಯಾರಿಗೂ ಇದು ನೆನಪಿರುವುದಿಲ್ಲ. ಪ್ರತಿ ಲೆನ್ಸಿಗೂ ಒಂದೊಂದು ತಗೊಳ್ಳಬೇಡಿ ಮತ್ತೆ. ಕ್ಯಾನನ್ ಕಿಟ್ ಲೆನ್ಸಿನ ಬಾಯಿ 58 ಎಂಎಂ, ಆ ತೆಳ್ಳನೆಯ 24ರದ್ದು 52, ಎಸ್‌ಟಿಎಂ 50ರದ್ದು 49. 58ರ ಫಿಲ್ಟರ್ ಒಂದೇ ತಗೊಂಡು, ಉಳಿದವಕ್ಕೆ ಸ್ಟೆಪ್ ಅಪ್ ರಿಂಗ್ (ಚಿಕ್ಕ ಬಾಯಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿದರೆ ಮುಗಿಯಿತು.

ಇನ್ನು ನನಗೆ ತುಂಬಾ ಇಷ್ಟವಾದ ವಿಷಯ, ಹಳೇ ಮ್ಯಾನುಯಲ್ ಲೆನ್ಸುಗಳು. ಈ ಕಪ್ಪು, ಭಾರದ ಡಬ್ಬಿ ಹೆಲಿಯೋಸ್ 44-2, 58 ಎಂಎಂ ಎಫ್ 2, ಸೋವಿಯತ್ ಕಾಲದ್ದು. ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗಕ್ಕೆ ಮೌಂಟ್ ಅಂತಾರೆ, ಇದರದ್ದು ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಹಾಕುವ ಎಂ42 ಮೌಂಟ್. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಒಂದು ಲೋಹದ ಬಳೆ ಸಾಕು, ಕೂತುಬಿಡುತ್ತದೆ. ನಿಕಾನ್‌ಗೆ ಕೂರಿಸಬಹುದು, ಆದರೆ ದೂರದ್ದು ಫೋಕಸ್ ಆಗುವುದಿಲ್ಲ. ಎಂ42 ಲೆನ್ಸ್ ಸೆನ್ಸರಿನಿಂದ 45.46 ಎಂಎಂ ದೂರದಲ್ಲಿರಬೇಕು, ನಿಕಾನ್ ಮೌಂಟೇ 46.5ರಲ್ಲಿದೆ, ಲೆನ್ಸ್ ಅಷ್ಟು ಹತ್ತಿರ ಹೋಗಲಾರದು. ಕ್ಯಾನನ್‌ದು 44, ಉಳಿದ ಜಾಗವನ್ನು ಬಳೆ ತುಂಬುತ್ತದೆ. ಕ್ಯಾನನ್‌ಗೆ ಹಾಕಿದರೆ ಪರದೆಯ ಮೇಲೆ ಅಪರ್ಚರ್ 00 ಅಂತ ತೋರಿಸುತ್ತದೆ, ಗಾಬರಿಯಾಗಬೇಡಿ, ಕ್ಯಾಮೆರಾಗೆ ಲೆನ್ಸ್ ಇರುವುದೇ ಗೊತ್ತಿಲ್ಲ. ಅಪರ್ಚರ್ ರಿಂಗ್ ಟಿಕ್ ಟಿಕ್ ಅನ್ನದೆ ಎಣ್ಣೆಯಂತೆ ತಿರುಗುತ್ತದೆ, ರೆಕಾರ್ಡ್ ಆಗುತ್ತಿರುವಾಗಲೂ ಬೆಳಕು ಬದಲಿಸಬಹುದು.

ಹಳೇದು ತಗೊಳ್ಳುವಾಗ ಜೇಬಿನಲ್ಲಿ ಟಾರ್ಚ್ ಇರಲಿ. ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್, ವಾಪಸ್ ಕೊಟ್ಟು ಬನ್ನಿ. ಧೂಳಿನ ಕಣಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಮುಂದಿನ ಗಾಜಿನ ಒಂದು ಸಣ್ಣ ಗೀರೂ ಪರವಾಗಿಲ್ಲ, ಹಿಂದಿನ ಗಾಜಿನ ಗೀರು ಮಾತ್ರ ಬೇಡ.

ಕೊನೆಗೆ ಅಜ್ಜಿಯನ್ನು ಇನ್ನೊಮ್ಮೆ ಕೂರಿಸಿದೆ. ಕಿಟಕಿ ಪಕ್ಕ, ಇದೇ ಹೆಲಿಯೋಸ್, ಮುಖವಷ್ಟೇ ಸಾಕು ಅಂತ. ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ ಕಣ್ಣಿಗೆ ಫೋಕಸ್ ಇಟ್ಟು, ಅವಳು ವಾಲಿದಾಗಲೆಲ್ಲ ರಿಂಗನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೂತೆ. ಎರಡು ಕಡೆ ತಪ್ಪಿದೆ, ನಿಮಗೂ ಕಾಣುತ್ತದೆ. ಕರಕರ ಇಲ್ಲ, ಫ್ಯಾನಿನ ಸದ್ದು ಮಾತ್ರ. ಆಮೇಲೆ ಇದು:

"ಆಯ್ತೇನೇ ನಿನ್ನ ತಿರುಗ್ಸೋದು? ನಾನು ಮಳೆ ವಿಷ್ಯ ಹೇಳ್ಬೇಕು."