ಹತ್ತಿರ ಹೋದಂತೆ ಮರೆಯಾಗುವ ಗುಮ್ಮಟ

ಈಗ ಪರದೆಯ ಮೇಲಿರುವುದು ವ್ಯಾಟಿಕನ್‌ನ ಸಂತ ಪೀಟರ್ ಬೆಸಿಲಿಕಾ, ಅಂದರೆ ಮಹಾಚರ್ಚು. ಗುಮ್ಮಟವನ್ನೇ ಗಮನಿಸಿ. ಟೈಬರ್ ನದಿಯ ಕಡೆಯಿಂದ ಹೊರಟಾಗ ಆಕಾಶವನ್ನು ತುಂಬಿಕೊಂಡಿದ್ದ ಅದು, ನಾನು ಚೌಕದೊಳಗೆ ಹೆಜ್ಜೆ ಹಾಕಿದಂತೆಲ್ಲ ಮುಂಗೋಡೆಯ ಹಿಂದಕ್ಕೆ ಇಳಿಯುತ್ತಾ ಹೋಗಿ, ಬಾಗಿಲ ಹತ್ತಿರ ಬರುವಷ್ಟರಲ್ಲಿ ಕಣ್ಮರೆಯಾಗಿಬಿಡುತ್ತದೆ. ಹೀಗೇಕಾಯಿತೆಂದು ತಿಳಿಯಲು 120 ವರ್ಷ ನಡೆದ ನಿರ್ಮಾಣದ ಕಥೆಯನ್ನೇ ಕೇಳಬೇಕು.

ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದ ಹಳೆಯ ಬೆಸಿಲಿಕಾ ಶಿಥಿಲವಾಗಿದ್ದುದರಿಂದ ಪೋಪ್ ಎರಡನೆಯ ಜೂಲಿಯಸ್ 1506ರ ಏಪ್ರಿಲ್ 18ರಂದು ಹೊಸದಕ್ಕೆ ಅಡಿಗಲ್ಲು ಹಾಕಿದರು. ವಾಸ್ತುಶಿಲ್ಪಿ ಬ್ರಮಾಂಟೆ ಯೋಚಿಸಿದ್ದು ನಾಲ್ಕೂ ತೋಳುಗಳು ಸಮನಾದ ಗ್ರೀಕ್ ಶಿಲುಬೆಯ ಆಕಾರ, ಅದರ ನಟ್ಟನಡುವೆ ಗುಮ್ಮಟ. 1514ರಲ್ಲಿ ಅವರು ತೀರಿಕೊಂಡಾಗ ಗುಮ್ಮಟವನ್ನು ಹೊರಬೇಕಿದ್ದ ನಾಲ್ಕು ಮಹಾಸ್ತಂಭಗಳೂ ಕಮಾನುಗಳೂ ಎದ್ದಿದ್ದವು. ಬಳಿಕ ಬಂದ ರಫೇಲ್ ಉದ್ದನೆಯ ನಡುಸಾಲೆಯನ್ನು ಸೇರಿಸಬಯಸಿದರು. ಕಿರಿಯ ಸಂಗಾಲೊ 7 ಮೀಟರಿಗೂ ಉದ್ದದ ಮರದ ಮಾದರಿಯನ್ನೇ ಮಾಡಿಸಿದರು.

ಎಪ್ಪತ್ತು ದಾಟಿದ ಮೇಲೆ ಈ ಹೊಣೆ ಹೊತ್ತ ಮೈಕೆಲಾಂಜೆಲೊ ಆ ಮಾದರಿಯನ್ನು ಬದಿಗಿಟ್ಟರು. ಬ್ರಮಾಂಟೆಯ ವಿನ್ಯಾಸದಿಂದ ದೂರ ಸರಿದವರು ಸತ್ಯದಿಂದಲೇ ದೂರ ಸರಿದಂತೆ ಎಂದು ಅವರು ಪತ್ರವೊಂದರಲ್ಲಿ ಬರೆದರು. ಬ್ರಮಾಂಟೆಯೊಂದಿಗೆ ಅವರಿಗೆ ಎಂದೂ ಸರಿಬಂದಿರಲಿಲ್ಲ. ಅಂಥವರ ಲೇಖನಿಯಿಂದ ಬಂದ ಈ ಮಾತು ನನ್ನನ್ನು ಬಹಳ ಮುಟ್ಟುತ್ತದೆ. 1564ರಲ್ಲಿ ಅವರು ನಿಧನರಾದಾಗ ಗುಮ್ಮಟ ಕೂರಬೇಕಾದ ದುಂಡು ಗೋಡೆ ಬಹುಮಟ್ಟಿಗೆ ಸಿದ್ಧವಾಗಿತ್ತು. ಜಾಕೊಮೊ ದೆಲ್ಲಾ ಪೋರ್ತಾ ಮತ್ತು ದೊಮೆನಿಕೊ ಫಾಂಟಾನಾ 1588ರಿಂದ 1590ರೊಳಗೆ ಅದರ ಮೇಲೆ ಗುಮ್ಮಟವನ್ನು ಕಟ್ಟಿ ನಿಲ್ಲಿಸಿದರು.

ಈ ಗುಮ್ಮಟಕ್ಕೆ ಒಳಗೊಂದು, ಹೊರಗೊಂದು ಎಂದು ಎರಡು ಚಿಪ್ಪುಗಳಿವೆ, ಮೆಟ್ಟಿಲು ಇರುವುದು ಇವುಗಳ ನಡುವೆಯೇ. ಮೇಲೇರಿದಂತೆ ಗೋಡೆ ಒಂದು ಪಕ್ಕಕ್ಕೆ ವಾಲುತ್ತದೆ, ನಾವೂ ಮೈಯನ್ನು ಓರೆಮಾಡಿಕೊಂಡೇ ಹತ್ತಬೇಕು. ಸುಮಾರು 42 ಮೀಟರ್ ವ್ಯಾಸದ ಗುಮ್ಮಟದ ಬಾಗು ಆಗ ಭುಜಕ್ಕೇ ತಾಗುತ್ತದೆ. ಇಷ್ಟು ಭಾರ ಹೊರಮುಖವಾಗಿ ಒತ್ತುವುದರಿಂದ ಬುಡಕ್ಕೆ ಕಬ್ಬಿಣದ ಬಳೆಗಳನ್ನು ತೊಡಿಸಿದ್ದರು. ಆದರೂ ಬಿರುಕುಗಳು ಮೂಡಿದ್ದರಿಂದ 1740ರ ದಶಕದಲ್ಲಿ ಇನ್ನಷ್ಟು ಬಳೆಗಳನ್ನು ಬಿಗಿಯಬೇಕಾಯಿತು.

ಹಳೆಯ ಬೆಸಿಲಿಕಾ ನಿಂತಿದ್ದ ಪವಿತ್ರ ನೆಲವೆಲ್ಲ ಹೊಸದರೊಳಗೆ ಸೇರಬೇಕೆಂದು ಪೋಪ್ ಐದನೆಯ ಪೌಲ್ ಬಯಸಿದ್ದರಿಂದ, 1607ರಿಂದಾಚೆಗೆ ವಾಸ್ತುಶಿಲ್ಪಿ ಕಾರ್ಲೊ ಮದೆರ್ನೊ ಪೂರ್ವದ ತೋಳನ್ನು ಉದ್ದಕ್ಕೆ ಬೆಳೆಸಿ ಅದರ ತುದಿಗೆ ಈ ಮುಂಗೋಡೆಯನ್ನು ಎಬ್ಬಿಸಿದರು. ಗುಮ್ಮಟ ಹಿಂದೆ ಸರಿದದ್ದು ಆಗಲೇ. 1626ರಲ್ಲಿ ಚರ್ಚಿನ ಪ್ರತಿಷ್ಠಾಪನೆಯಾಯಿತು.

ಇದು ಹಿಂಬದಿಯ ಉದ್ಯಾನದಿಂದ ತೆಗೆದ ದೃಶ್ಯ. ಇಲ್ಲಿ ನಡುವೆ ಏನೂ ಅಡ್ಡಬರುವುದಿಲ್ಲ. ಮೈಕೆಲಾಂಜೆಲೊ ಕಟ್ಟಿಸಿದ ಗೋಡೆಯ ಬೆನ್ನಿಗೇ ಗುಮ್ಮಟ ನೇರವಾಗಿ ಮೇಲೆದ್ದು ನಿಂತಿದೆ.