ಟ್ಯೂಬ್ ಆಂಪ್: ಟೋನ್ ಉಳಿಯಲಿ, ಅಬ್ಬರ ಇಳಿಯಲಿ

ಎಲ್ಲರಿಗೂ ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಗಿಟಾರ್ ಆಂಪ್‌ಗಳಲ್ಲಿರುವ 12 ಇಂಚಿನ ಸ್ಪೀಕರ್‌ಗೆ ಒಂದೇ ಒಂದು ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಸದ್ದು ಬರುತ್ತದೆ. ಸೆಲೆಶನ್ ಕಂಪನಿಯ ವಿಂಟೇಜ್ 30 ಸ್ಪೀಕರ್‌ನ ಸೆನ್ಸಿಟಿವಿಟಿ ಅಷ್ಟು. 100 ಡೆಸಿಬೆಲ್ ಸದ್ದನ್ನು ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಕೇಳಬಾರದು ಎನ್ನುತ್ತದೆ, ಕೆಲಸಗಾರರ ಆರೋಗ್ಯ ಮತ್ತು ಸುರಕ್ಷತೆ ಕುರಿತ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿಕೊಟ್ಟ ಮಿತಿ. ಒಂದು ವಾಟ್‌ಗೇ ಈ ಗತಿ. ನಮ್ಮ ಕೈಯಲ್ಲಿರುವುದು 50 ವಾಟ್‌ನ ಟ್ಯೂಬ್ ಆಂಪ್, ಅಂದರೆ ಗಾಜಿನ ನಿರ್ವಾತ ಟ್ಯೂಬ್‌ಗಳಿಂದ ಗಿಟಾರ್ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್. ಪಕ್ಕದ ಕೋಣೆಯವರು ನಿದ್ದೆ ಮಾಡಬೇಕು, 70 ಡೆಸಿಬೆಲ್ ಸಾಕು ಅಂದುಕೊಂಡರೆ ಸ್ಪೀಕರ್‌ಗೆ ತಲುಪಬೇಕಾದದ್ದು ಒಂದು ಮಿಲಿವಾಟ್. ವಾಟ್‌ನ ಸಾವಿರದಲ್ಲಿ ಒಂದು ಪಾಲು!

50 ವಾಟ್‌ನದನ್ನು ಮಾರಿ 15 ವಾಟ್‌ನದನ್ನು ಕೊಳ್ಳಿ ಎಂಬ ಸಲಹೆ ಬಹಳ ಜನರಿಗೆ ಸಿಗುತ್ತದೆ. ಆದರೆ ಶಕ್ತಿ ಅರ್ಧವಾದರೆ ಸದ್ದು ಇಳಿಯುವುದು ಮೂರೇ ಡೆಸಿಬೆಲ್. ಕಿವಿಗೆ ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು, ಅಂದರೆ ಶಕ್ತಿ ಹತ್ತನೇ ಒಂದು ಪಾಲಾಗಬೇಕು. 50ರಿಂದ 15ಕ್ಕೆ ಬಂದವರಿಗೆ ಸಿಗುವುದು ಐದು ಡೆಸಿಬೆಲ್. ದುಡ್ಡು ಖರ್ಚಾಯಿತು, ಗಲಾಟೆ ಹಾಗೇ ಉಳಿಯಿತು.

ಹಾಗಾದರೆ ವಾಲ್ಯೂಮ್ ಗುಬುಟನ್ನು ಎರಡಕ್ಕೆ ಇಟ್ಟು ನುಡಿಸಬಹುದಲ್ಲ? ನುಡಿಸಿ ನೋಡಿದವರಿಗೆ ಗೊತ್ತು, ಟೋನ್ ಬಡವಾಗುತ್ತದೆ. ಯಾಕೆ ಎಂಬುದನ್ನು ಬಿಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಗಿಟಾರ್‌ನ ಸಿಗ್ನಲ್ ಹೋಗುವ ದಾರಿಯನ್ನು ಹಿಂಬಾಲಿಸಿ. ಮೊದಲು 12ಎಎಕ್ಸ್7 ತರಹದ ಚಿಕ್ಕ ಪ್ರೀಆಂಪ್ ಟ್ಯೂಬ್‌ಗಳು, ನಡುವೆ ವಾಲ್ಯೂಮ್ ಮತ್ತು ಟೋನ್ ಗುಬುಟುಗಳು, ಆಮೇಲೆ ಸಿಗ್ನಲ್ಲನ್ನು ಪವರ್ ಟ್ಯೂಬ್‌ಗಳಿಗಾಗಿ ಎರಡಾಗಿ ಹಂಚುವ ಫೇಸ್ ಇನ್ವರ್ಟರ್, ಇಎಲ್34 ಅಥವಾ 6ಎಲ್6ನಂಥ ಪವರ್ ಟ್ಯೂಬ್‌ಗಳು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಕೊನೆಗೆ ನಮ್ಮ ಕಿವಿ. ಟೋನ್ ಇವುಗಳಲ್ಲಿ ಯಾವುದೋ ಒಂದರಲ್ಲಿ ಅಡಗಿ ಕೂತಿಲ್ಲ. ಪ್ರತಿಯೊಂದು ಹಂತವೂ ತನ್ನ ಪಾಲು ಸೇರಿಸುತ್ತದೆ, ಜೋರಾಗಿ ದುಡಿದಾಗ ಇನ್ನೂ ಹೆಚ್ಚು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ನಿಮಗೆ ಇಷ್ಟವಾದ ಟೋನ್ ಯಾವ ಹಂತದಲ್ಲಿ ಹುಟ್ಟುತ್ತಿದೆ ಎಂದು ಮೊದಲು ಪತ್ತೆ ಮಾಡಿ. ಸದ್ದನ್ನು ಆ ಹಂತ ದಾಟಿದ ಮೇಲೆ ಇಳಿಸಿ, ಅದಕ್ಕಿಂತ ಮೊದಲು ಬೇಡ.

ಪತ್ತೆ ಮಾಡುವಾಗ ಒಂದು ಸಣ್ಣ ಭಾಗವನ್ನು ಮರೆಯಬೇಡಿ. ಎಷ್ಟೋ ಆಂಪ್‌ಗಳ ವಾಲ್ಯೂಮ್ ಗುಬುಟಿನ ಮೇಲೆ ಬ್ರೈಟ್ ಕೆಪಾಸಿಟರ್ ಇರುತ್ತದೆ. ಗುಬುಟು ಕೆಳಗಿರುವಾಗ ತಾರ ಸ್ವರಗಳನ್ನು ಅದು ಅಡ್ಡದಾರಿಯಿಂದ ಮುಂದಕ್ಕೆ ದಾಟಿಸುತ್ತದೆ, ಉಳಿದದ್ದು ಹಿಂದೆ ಉಳಿಯುತ್ತದೆ. ಗುಬುಟು ಪೂರ್ತಿ ಏರಿದಾಗ ಅದರ ಪ್ರಭಾವವೇ ಇರುವುದಿಲ್ಲ. ಕಡಿಮೆ ವಾಲ್ಯೂಮ್‌ನಲ್ಲಿ ಕಿವಿ ಕೊರೆಯುವ ತೆಳು ಸದ್ದಿಗೆ ಎಷ್ಟೋ ಸಲ ಇದೇ ಕಾರಣ. ಪಾಪ, ಟ್ಯೂಬ್‌ಗಳನ್ನು ಬೈಯುತ್ತೇವೆ. ಬ್ರೈಟ್ ಸ್ವಿಚ್ ಇದ್ದರೆ ಆಫ್ ಮಾಡಿ ನೋಡಿ. ಖರ್ಚಿಲ್ಲದ ಈ ಪರೀಕ್ಷೆ ಎಲ್ಲಕ್ಕಿಂತ ಮೊದಲು.

ಇನ್ನು ಮಾಸ್ಟರ್ ವಾಲ್ಯೂಮ್. ಆಂಪ್ ತಯಾರಿಸುವ ಮಾರ್ಷಲ್ ಕಂಪನಿ 1975ರಲ್ಲಿ 2203 ಎಂಬ 100 ವಾಟ್‌ನ ಮಾದರಿಯಲ್ಲಿ ಇದನ್ನು ತಂದಿತು. ಪ್ರೀಆಂಪ್ ಟ್ಯೂಬ್‌ಗಳಲ್ಲಿ ಸ್ವರ ಬೇಕಾದಷ್ಟು ಒಡೆದು ಒರಟಾಗಲು, ಅಂದರೆ ಡಿಸ್ಟಾರ್ಷನ್ ಆಗಲು ಬಿಟ್ಟು, ಪವರ್ ಟ್ಯೂಬ್‌ಗಳಿಗೆ ಹೋಗುವ ಮುನ್ನ ಸಿಗ್ನಲ್ ತಗ್ಗಿಸುವುದು ಇದರ ಕೆಲಸ. ನಿಮ್ಮ ಸಂಗೀತದ ಡಿಸ್ಟಾರ್ಷನ್ ಪ್ರೀಆಂಪ್‌ನಲ್ಲೇ ಹುಟ್ಟುವಂಥದ್ದಾದರೆ, ಒಳ್ಳೆಯ ಮಾಸ್ಟರ್ ವಾಲ್ಯೂಮ್ ಸಾಕು, ಬೇರೇನೂ ಕೊಳ್ಳಬೇಡಿ. ಎಫೆಕ್ಟ್ಸ್ ಲೂಪ್‌ಗೆ, ಅಂದರೆ ಪ್ರೀಆಂಪ್ ಮತ್ತು ಪವರ್ ಹಂತದ ನಡುವಿನ ಜಾಕ್‌ಗಳಿಗೆ, ಸಿಕ್ಕಿಸುವ ಪುಟ್ಟ ವಾಲ್ಯೂಮ್ ಪೆಟ್ಟಿಗೆಯೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ. ಫೇಸ್ ಇನ್ವರ್ಟರ್ ಆದಮೇಲೆ ಮಾಸ್ಟರ್ ಕೂರಿಸಿದರೆ ಆ ಟ್ಯೂಬ್‌ನ ಒಡೆತವೂ ಟೋನ್‌ಗೆ ಸೇರುತ್ತದೆ. ನನ್ನ ಕಿವಿಗೆ ಆ ವ್ಯತ್ಯಾಸ ದೊಡ್ಡದು.

ಪವರ್ ಟ್ಯೂಬ್‌ಗಳೇ ಬೆವರಬೇಕು ಎನ್ನುವವರು ಇದ್ದೀರಿ. ಗಟ್ಟಿಯಾಗಿ ಮೀಟಿದಾಗ ಪವರ್ ಸಪ್ಲೈ ಒಂದು ಕ್ಷಣ ಕುಸಿದು, ಸ್ವರ ಮೆತ್ತಗಾಗಿ ಮತ್ತೆ ಅರಳುತ್ತದಲ್ಲ, ಬೆರಳಿಗೆ ಸಿಗುವ ಆ ಸ್ಪಂದನ. ಅದು ಬೇಕಿದ್ದರೆ ಸದ್ದನ್ನು ಆಂಪ್ ಮತ್ತು ಸ್ಪೀಕರ್ ನಡುವೆ ಇಳಿಸಬೇಕು. ಶಕ್ತಿಯ ಒಂದು ಪಾಲನ್ನು ನುಂಗಿ ಉಳಿದದ್ದನ್ನು ಸ್ಪೀಕರ್‌ಗೆ ಬಿಡುವ ಅಟೆನ್ಯುಯೇಟರ್‌ನ ಜಾಗ ಅದು. ಬೋಸ್ಟನ್ ಎಂಬ ರಾಕ್ ಬ್ಯಾಂಡಿನ ಗಿಟಾರ್ ವಾದಕ ಟಾಮ್ ಶೋಲ್ಜ್ ತಾವೇ ಎಂಜಿನಿಯರ್ ಕೂಡ. ಅವರ ಕಂಪನಿ ಹೊರತಂದ ಪವರ್ ಸೋಕ್ ಈ ಜಾತಿಯ ಪೆಟ್ಟಿಗೆ. 50 ವಾಟ್ ಬರುತ್ತಿರುವಾಗ 16 ಡೆಸಿಬೆಲ್ ಇಳಿಸಿದರೆ ಸ್ಪೀಕರ್‌ಗೆ ತಲುಪುವುದು ಒಂದೂಕಾಲು ವಾಟ್. ಉಳಿದ 48 ಚಿಲ್ಲರೆ ವಾಟ್ ಶಾಖವಾಗುತ್ತದೆ, ಪೆಟ್ಟಿಗೆ ನಿಜವಾಗಿ ಸುಡುತ್ತದೆ, ಸುತ್ತ ಗಾಳಿಯಾಡಲು ಬಿಡಿ. ಪೂರ್ತಿ ಏರಿಸಿದ ಆಂಪ್ ತನ್ನ ಮೇಲೆ ಬರೆದ ವಾಟ್‌ಗಿಂತ ಬಹಳ ಹೆಚ್ಚು ಹರಿಸಬಲ್ಲದು. ಆದ್ದರಿಂದ 50 ವಾಟ್‌ನ ಆಂಪ್‌ಗೆ 100 ವಾಟ್ ತಾಳುವ ಅಟೆನ್ಯುಯೇಟರ್ ತೆಗೆದುಕೊಳ್ಳಿ.

ಆದರೆ ಸ್ಪೀಕರ್ ಎಂಬುದು ರೆಸಿಸ್ಟರ್ ಅಲ್ಲ. ಅದರ ಮೇಲೆ 8 ಓಮ್ ಎಂದು ಬರೆದಿರುತ್ತದೆ, ವಿದ್ಯುತ್ತಿಗೆ ಅದು ಒಡ್ಡುವ ತಡೆಯ ಅಳತೆ ಅದು; ನಿಜದಲ್ಲಿ ಆ ಅಂಕಿ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. 100 ಹರ್ಟ್ಸ್ ಆಸುಪಾಸಿನ ಅನುರಣನದಲ್ಲಿ ಹಲವು ಪಟ್ಟು ಏರುತ್ತದೆ, ನಡುವೆ ಇಳಿಯುತ್ತದೆ, ತಾರದ ಕಡೆಗೆ ಮತ್ತೆ ಏರುತ್ತಾ ಹೋಗುತ್ತದೆ. ಟ್ಯೂಬ್ ಆಂಪ್ ಈ ಏರಿಳಿತಕ್ಕೆ ಸ್ಪಂದಿಸುತ್ತದೆ: ಎಲ್ಲಿ ಓಮ್ ಹೆಚ್ಚೋ ಅಲ್ಲಿ ಹೆಚ್ಚು ವೋಲ್ಟೇಜ್ ಕೊಡುತ್ತದೆ. ಮಂದ್ರದ ಗುಂಡುತನ, ಮೇಲಿನ ಮಿನುಗು ಬರುವುದೇ ಈ ಸಂವಾದದಿಂದ. ನಡುವೆ ಬರೀ ರೆಸಿಸ್ಟರ್ ನಿಲ್ಲಿಸಿದರೆ ಮಾತುಕತೆ ನಿಂತುಹೋಗುತ್ತದೆ, ಟೋನ್ ಚಪ್ಪಟೆಯಾಗುತ್ತದೆ. ಐದಾರು ಡೆಸಿಬೆಲ್‌ಗೆ ಇದು ಅಷ್ಟಾಗಿ ಕಾಣದು. ಇಪ್ಪತ್ತಕ್ಕೆ ಕಂಬಳಿ ಹೊದಿಸಿದಂತೆ ಕೇಳುತ್ತದೆ. ರಿಯಾಕ್ಟಿವ್ ಅಟೆನ್ಯುಯೇಟರ್‌ಗಳಲ್ಲಿ ಕಾಯಿಲ್, ಕೆಪಾಸಿಟರ್ ಸೇರಿಸಿ ಸ್ಪೀಕರ್‌ನ ಆ ಏರಿಳಿತವನ್ನೇ ಅನುಕರಿಸಿರುತ್ತಾರೆ. ಬೆಲೆ ಜಾಸ್ತಿ. ಹೆಚ್ಚು ಇಳಿಸಬೇಕಾದವರಿಗೆ ಅದು ಕೊಡತಕ್ಕ ಬೆಲೆ.

ಪವರ್ ಟ್ಯೂಬ್‌ಗಳ ವೋಲ್ಟೇಜನ್ನೇ ಇಳಿಸುವ ಪವರ್ ಸ್ಕೇಲಿಂಗ್ ಎಂಬ ವಿಧಾನವೂ ಇದೆ; ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಆಂಪ್ ಬಿಚ್ಚಿ ಬದಲಾಯಿಸಬೇಕು. ನಾಲ್ಕು ಪವರ್ ಟ್ಯೂಬ್ ಇರುವ ಆಂಪ್‌ನಲ್ಲಿ ಎರಡನ್ನು ಕಿತ್ತರೆ ಮೂರೇ ಡೆಸಿಬೆಲ್ ಲಾಭ, ಮೇಲೆ ಓಮ್ ಹೊಂದಿಸುವ ತಲೆನೋವು. ಸೆನ್ಸಿಟಿವಿಟಿ ಕಡಿಮೆ ಇರುವ ಸ್ಪೀಕರ್ ಹಾಕಿದರೂ ಅಷ್ಟರಮಟ್ಟಿಗೆ ಇಳಿಯುತ್ತದೆ.

ಎರಡು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಕೇಳಿ. ಸದ್ದು ಬೇಡ ಎಂದು ಸ್ಪೀಕರ್ ತಂತಿ ಕಿತ್ತು ಟ್ಯೂಬ್ ಆಂಪ್ ನುಡಿಸಬೇಡಿ. ಶಕ್ತಿಗೆ ಹೋಗಲು ದಾರಿಯಿಲ್ಲದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಭಾರೀ ವೋಲ್ಟೇಜ್ ಎದ್ದು, ಅದರ ಇನ್ಸುಲೇಷನ್ನೇ ಸುಟ್ಟುಹೋಗಬಹುದು. ಹಾಗೆಯೇ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 400, 500 ವೋಲ್ಟ್ ಉಳಿದಿರಬಹುದು. ಅದು ಜೀವ ತೆಗೆಯುವ ವೋಲ್ಟೇಜ್. ತಿಳಿದವರ ಕೈಗೆ ಕೊಡಿ.

ಇಷ್ಟೆಲ್ಲ ಮಾಡಿದರೂ ಎರಡು ಸಂಗತಿ ಪೂರ್ತಿ ಉಳಿಯುವುದಿಲ್ಲ. ಒಂದು, ಸ್ಪೀಕರ್‌ನ ಕಾಗದದ ಕೋನ್ ಜೋರಾಗಿ ದುಡಿಯುವಾಗ ಸೇರಿಸುವ ಒರಟು. ಇನ್ನೊಂದು, ನಮ್ಮ ಕಿವಿ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು: ಸದ್ದು ಇಳಿದಂತೆ ನಮಗೆ ಮಂದ್ರ ಬೇಗ ಕೇಳದಾಗುತ್ತದೆ. ಅಟೆನ್ಯುಯೇಟರ್ ತಂದ ಹೊಸದರಲ್ಲಿ ಟೋನ್ ಸತ್ತೇಹೋಯಿತೆಂದು ನಾನೂ ಬೇಸರಪಟ್ಟಿದ್ದೆ. ಆಮೇಲೆ ಜೋರಾಗಿ ಒಮ್ಮೆ, ತಗ್ಗಿಸಿ ಒಮ್ಮೆ ರೆಕಾರ್ಡ್ ಮಾಡಿ, ಎರಡನ್ನೂ ಒಂದೇ ವಾಲ್ಯೂಮ್‌ನಲ್ಲಿ ಹಾಕಿ ಕೇಳಿದೆ. ಬಹುಪಾಲು ವ್ಯತ್ಯಾಸ ಮಾಯವಾಗಿತ್ತು. ಕಳೆದುಹೋದದ್ದು ಆಂಪ್‌ನಲ್ಲಿ ಅಲ್ಲ, ನನ್ನ ಕಿವಿಯಲ್ಲಿ. ಬಾಸ್ ಗುಬುಟನ್ನು ಸ್ವಲ್ಪ ಏರಿಸಿದ ಮೇಲೆ ಆ ಆಂಪ್ ಮತ್ತೆ ನನ್ನದಾಯಿತು.

ಈಗ ಅದನ್ನೇ ಇಲ್ಲಿ ಮಾಡೋಣ. ಈ ಆಂಪ್‌ನ ಮುಂದೆ ಮೈಕ್ ಇಟ್ಟಿದ್ದೇನೆ. ಮೊದಲ ಸಲ ಅಟೆನ್ಯುಯೇಟರ್ ಇಲ್ಲದೆ, ಎರಡನೇ ಸಲ 16 ಡೆಸಿಬೆಲ್ ಇಳಿಸಿ ನುಡಿಸುತ್ತೇನೆ. ಮುಂದಿನ ಸಾಲಿನವರು ಒಂದು ನಿಮಿಷ ಕಿವಿ ಮುಚ್ಚಿಕೊಳ್ಳಿ.