ಮೆಂಡೋಸಾ: ಕಾಲುವೆ ನೀರಿನ ಮೇಲೆ ನಿಂತ ನಗರ

ಪರದೆಯ ಮೇಲೆ ಈಗ ಕಾಣುತ್ತಿರುವುದು ಅರ್ಜೆಂಟೀನಾದ ಪಶ್ಚಿಮ ಅಂಚಿನಲ್ಲಿರುವ ಮೆಂಡೋಸಾ ಪ್ರಾಂತ್ಯದ ರಾಜಧಾನಿ, ಅದೇ ಹೆಸರಿನ ಮೆಂಡೋಸಾ ನಗರ. ಬೀದಿಯ ಎರಡೂ ಬದಿಯ ಮರಗಳು ಮೇಲೆ ಕೊಂಬೆಗೆ ಕೊಂಬೆ ಕೂಡಿಸಿ ಚಪ್ಪರ ಹಾಕಿರುವುದನ್ನು ಕಂಡವರಿಗೆ ಇದು ಧಾರಾಳ ಮಳೆ ಬೀಳುವ ಊರೆಂದೇ ಅನಿಸುತ್ತದೆ. ಆದರೆ ಇಲ್ಲಿನ ವಾರ್ಷಿಕ ಮಳೆ 200 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಆಂಡಿಸ್ ಪರ್ವತದ ಬುಡದಲ್ಲಿರುವ ಈ ಊರಿಗೆ ಪೆಸಿಫಿಕ್ ಕಡೆಯ ತೇವ ತಲುಪುವುದೇ ಇಲ್ಲ. ಅದು ಚಿಲಿಯ ಇಳಿಜಾರಿನಲ್ಲೂ ಶಿಖರಗಳ ಮೇಲೂ ಮಳೆಯಾಗಿ, ಹಿಮವಾಗಿ ಸುರಿದುಹೋಗುತ್ತದೆ. ತೇವ ಕಳೆದುಕೊಂಡ ಅದೇ ಗಾಳಿ ಈಚೆಗೆ ಧುಮುಕುವಾಗ ಒಣಗಿ ಕಾದು, ಚಳಿಗಾಲದ ನಡುವೆಯೂ ಧೂಳಿನ ಬಿಸಿ ಎರಚುತ್ತದೆ. ಸ್ಥಳೀಯರು ಅದನ್ನು ಸೊಂಡಾ ಎನ್ನುತ್ತಾರೆ.

ಹಾಗಾದರೆ ಈ ಮರಗಳಿಗೆ ನೀರೆಲ್ಲಿಂದ? ಕ್ಯಾಮೆರಾವನ್ನು ಕೆಳಕ್ಕೆ ತಿರುಗಿಸಿದರೆ ಉತ್ತರ ಸಿಗುತ್ತದೆ. ಕಾಲುದಾರಿಗೂ ರಸ್ತೆಗೂ ನಡುವೆ ಕಲ್ಲು ಹಾಸಿದ ತೆರೆದ ಕಾಲುವೆಯೊಂದು ಬೀದಿಯುದ್ದಕ್ಕೂ ಸಾಗಿದೆ. ಇದರ ಹೆಸರು ಅಸೇಕಿಯಾ. ಮರಗಳು ನಿಂತಿರುವುದೂ ಇದರ ಅಂಚಿನಲ್ಲೇ. ಬೇರುಗಳು ಅಲ್ಲಲ್ಲಿ ಕಲ್ಲನ್ನು ಸೀಳಿ ಒಳಗೆ ಇಣುಕುತ್ತಿವೆ. ಮನೆಬಾಗಿಲುಗಳ ಎದುರು ಕಾಲುವೆಯ ಮೇಲೆ ಪುಟ್ಟ ಸೇತುವೆಗಳಂತೆ ಚಪ್ಪಡಿ ಹಾಸಿದ್ದಾರೆ. ಮೊಬೈಲ್ ನೋಡುತ್ತಾ ನಡೆಯುವವರಿಗೆ ಇದು ಊರಲ್ಲ, ಬಿಡಿ.

ಈ ಏರ್ಪಾಟಿನ ಬೇರು ಸ್ಪೇನ್ ದೇಶದವರು ಬರುವುದಕ್ಕೂ ಹಿಂದಿನದು. ಇಲ್ಲಿನ ಮೂಲನಿವಾಸಿಗಳಾದ ವಾರ್ಪೆ ಜನ ಪರ್ವತದ ಹಿಮ ಕರಗಿ ಹರಿಯುವ ನದಿಯ ನೀರನ್ನು ತಿರುಗಿಸಿ ಮೆಕ್ಕೆಜೋಳ ಮತ್ತು ಕುಂಬಳ ಬೆಳೆಯುತ್ತಿದ್ದರು. ಅವರ ನಾಯಕನೊಬ್ಬನ ಹೆಸರು ಇಂದಿಗೂ ಊರಿನ ಮುಖ್ಯ ನಾಲೆಯಾದ ಗ್ವಾಯ್ಮಾಯೆನ್‌ಗೆ ಉಳಿದಿದೆ. 1561ರಲ್ಲಿ ಪೆದ್ರೊ ದೆಲ್ ಕಾಸ್ತಿಯೊ ಎಂಬಾತ ಚಿಲಿಯಿಂದ ಪರ್ವತ ದಾಟಿ ಬಂದು, ಅಂದಿನ ಚಿಲಿ ಗವರ್ನರ್ ಗಾರ್ಸಿಯಾ ಉರ್ತಾದೊ ದೆ ಮೆಂಡೋಸಾನ ಹೆಸರಿನಲ್ಲಿ ನಗರವನ್ನು ಸ್ಥಾಪಿಸಿದ. ಮರುವರ್ಷವೇ ಹ್ವಾನ್ ಹುಫ್ರೆ ಅದನ್ನು ತುಸು ದೂರ ಸರಿಸಿ ಮತ್ತೊಮ್ಮೆ ಸ್ಥಾಪಿಸಿದ. 1776ರವರೆಗೂ ಮೆಂಡೋಸಾ ಚಿಲಿಯ ಆಡಳಿತಕ್ಕೇ ಸೇರಿತ್ತು. ಚಳಿಗಾಲದಲ್ಲಿ ಕಣಿವೆದಾರಿಗಳು ಹಿಮದಿಂದ ಮುಚ್ಚಿಹೋದಾಗ ತನ್ನದೇ ಸರ್ಕಾರದ ಸಂಪರ್ಕ ತಿಂಗಳುಗಟ್ಟಲೆ ಕಡಿದುಹೋಗುತ್ತಿದ್ದ ಊರಿದು.

ಆ ಕಣಿವೆದಾರಿಗಳೇ ಮುಂದೆ ಇತಿಹಾಸ ತಿರುಗಿಸಿದವು. 1814ರಲ್ಲಿ ಈ ಕೂಯೊ ಪ್ರದೇಶದ ಗವರ್ನರ್ ಆಗಿ ಬಂದ, ಸ್ಪೇನ್ ವಿರುದ್ಧದ ಸ್ವಾತಂತ್ರ್ಯ ಸಮರದ ಸೇನಾನಿ ಹೊಸೆ ದೆ ಸಾನ್ ಮಾರ್ತಿನ್ ಇಲ್ಲಿಯೇ ಸೇನೆ ಕಟ್ಟಿ, 1817ರ ಜನವರಿಯಲ್ಲಿ ಆಂಡಿಸ್ ದಾಟಿ, ಫೆಬ್ರವರಿ 12ರಂದು ಚಿಲಿಯ ಚಕಾಬುಕೊದಲ್ಲಿ ಸ್ಪೇನಿನ ಪಡೆಯನ್ನು ಸೋಲಿಸಿದ. ಅರ್ಜೆಂಟೀನಾದ ಪ್ರತಿಯೊಂದು ಶಾಲಾಪುಸ್ತಕದಲ್ಲೂ ಇರುವ ಕಥೆಯಿದು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅನಂತರದ ಒಂದು ರಾತ್ರಿ.

1861ರ ಮಾರ್ಚ್ 20ರ ರಾತ್ರಿ ಭೂಕಂಪವಾಗಿ ಇಡೀ ನಗರ ನೆಲಸಮವಾಯಿತು. ಹಸಿ ಇಟ್ಟಿಗೆಯ ಗೋಡೆಗಳು ಕಿರಿದಾದ ಬೀದಿಗಳಿಗೇ ಕುಸಿದಿದ್ದರಿಂದ, ಮನೆಯಿಂದ ಹೊರಗೋಡಿದವರಿಗೂ ನಿಲ್ಲಲು ಜಾಗವಿರಲಿಲ್ಲ. ಹಿಂದೆಯೇ ಬೆಂಕಿ ಹೊತ್ತಿಕೊಂಡಿತು. ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಸತ್ತರೆಂದು ಅಂದಾಜು. ಆಗ ಊರಿನಲ್ಲಿದ್ದ ಫ್ರೆಂಚ್ ಭೂವಿಜ್ಞಾನಿ ಒಗ್ಯುಸ್ತ್ ಬ್ರಾವಾರ್ ಕೂಡ ಸತ್ತವರಲ್ಲೊಬ್ಬ. ಹಳೆಯ ನಗರದ ಕುರುಹಾಗಿ ಇಂದು ನಿಂತಿರುವುದು ಸಾನ್ ಫ್ರಾನ್ಸಿಸ್ಕೊ ಚರ್ಚಿನ ಈ ಇಟ್ಟಿಗೆಯ ಕಂಬಗಳು ಮತ್ತು ಮುರಿದ ಕಮಾನುಗಳು.

ಹೊಸ ನಗರವನ್ನು ನೈಋತ್ಯಕ್ಕೆ ಸರಿಸಿ, ಫ್ರೆಂಚ್ ಮೋಜಣಿದಾರ ಬಾಲೋಫೆ ಹಾಕಿದ ನಕ್ಷೆಯಂತೆ ಕಟ್ಟಿದರು. ಆಕಾಶದಿಂದ ತೆಗೆದ ಈ ಚಿತ್ರವನ್ನು ಗಮನಿಸಿ: ನಡುವೆ ನಾಲ್ಕು ಬ್ಲಾಕುಗಳಷ್ಟು ವಿಶಾಲವಾದ ಇಂಡಿಪೆಂಡೆನ್ಸಿಯಾ ಚೌಕ, ಅದರ ನಾಲ್ಕು ಮೂಲೆಗಳಿಂದಾಚೆ ಒಂದೊಂದು ಚಿಕ್ಕ ಚೌಕ. ಅವುಗಳ ಇಂದಿನ ಹೆಸರು ಚಿಲಿ, ಸಾನ್ ಮಾರ್ತಿನ್, ಸ್ಪೇನ್ ಮತ್ತು ಇಟಲಿ. ನೋಟಕ್ಕೆ ಅಲಂಕಾರದಂತಿದ್ದರೂ ಇವು ನೆಲ ನಡುಗಿದಾಗ ಜನ ಓಡಿಬಂದು ಸೇರಲೆಂದು ಬಿಟ್ಟ ಬಯಲುಗಳು. ಬೀದಿಗಳನ್ನು ಅಗಲವಾಗಿಸಿದ್ದೂ ಅದೇ ಭಯದಿಂದ. ಆದರೆ ಮರುಭೂಮಿಯಲ್ಲಿ ಅಗಲವಾದ ಬೀದಿಯೆಂದರೆ ಕಾದ ಕಾವಲಿ; ನೆರಳಿಗೆ ಮರ ಬೇಕು, ಮರಕ್ಕೆ ಕಾಲುವೆ ಬೇಕು. ಭೂಕಂಪ ಕಲಿಸಿದ ಪಾಠವನ್ನು ನಗರವಾಗಿಸಲು ವಾರ್ಪೆ ಜನರ ವಿದ್ಯೆಯೇ ಬೇಕಾಯಿತು.

ನೀರಿಗೆ ಇಲ್ಲಿ ಕಾನೂನೂ ಗಟ್ಟಿ. 1884ರ ಜಲ ಕಾಯ್ದೆಯ ಪ್ರಕಾರ ನೀರಾವರಿಯ ಹಕ್ಕು ಭೂಮಿಗೆ ಅಂಟಿಕೊಂಡಿದೆ; ಅದನ್ನು ಬಿಡಿಸಿ ಬೇರೆಯಾಗಿ ಮಾರುವಂತಿಲ್ಲ. ಹೊಲಗಳಿಗೆ ಸರದಿಯಂತೆ ತೂಬು ತೆರೆದು ಮುಚ್ಚುವ ತೊಮೇರೊ ಎಂಬ ಕೆಲಸಗಾರನನ್ನು ಇಂದಿಗೂ ಕಾಣಬಹುದು. ಪ್ರಾಂತ್ಯದ ನೆಲದಲ್ಲಿ ನೀರುಂಡು ಹಸಿರಾಗಿರುವುದು ಶೇಕಡಾ 4ರಷ್ಟು ಮಾತ್ರ. 1853ರಲ್ಲಿ ಮಿಶೆಲ್ ಪುಜೆ ತಂದ ಫ್ರೆಂಚ್ ಮಾಲ್ಬೆಕ್ ದ್ರಾಕ್ಷಿ, 1885ರಲ್ಲಿ ತಲುಪಿದ ರೈಲು, ಅದರ ಹಿಂದೆ ಬಂದ ಇಟಲಿ ಮತ್ತು ಸ್ಪೇನಿನ ವಲಸಿಗರು, ಎಲ್ಲರೂ ಆ ಹಸಿರು ತುಣುಕುಗಳಲ್ಲೇ ನೆಲೆಯೂರಿದರು.

ಇದೇ ನೀರು ಕೊಂದದ್ದೂ ಉಂಟು. ಬೆಟ್ಟದ ತಪ್ಪಲಿನಲ್ಲಿ ಬೇಸಿಗೆಯ ಬಿರುಮಳೆ ಬಿದ್ದರೆ ಒಣಹಳ್ಳಗಳು ಕ್ಷಣಾರ್ಧದಲ್ಲಿ ಉಕ್ಕುತ್ತವೆ. 1970ರ ಜನವರಿ 4ರಂದು ಫ್ರಿಯಾಸ್ ಅಣೆಕಟ್ಟು ಒಡೆದು ಪ್ರವಾಹ ನಗರದ ಬೀದಿಗಳಿಗೇ ನುಗ್ಗಿತು.

2007ರಲ್ಲಿ ಪ್ರಾಂತ್ಯವು ಈ ನೀರು ಕೆಡದಿರಲೆಂದು ಗಣಿಗಾರಿಕೆಯಲ್ಲಿ ಸಯನೈಡ್, ಪಾದರಸ ಮತ್ತು ಗಂಧಕಾಮ್ಲದ ಬಳಕೆಯನ್ನು ನಿಷೇಧಿಸುವ 7722ನೇ ಕಾನೂನು ತಂದಿತ್ತು. 2019ರ ಡಿಸೆಂಬರಿನಲ್ಲಿ ಶಾಸನಸಭೆ ಅದನ್ನು ಸಡಿಲಿಸಿದಾಗ, ಮೆಂಡೋಸಾದ ನೀರು ಮಾರಾಟಕ್ಕಿಲ್ಲ ಎಂದು ಕೂಗುತ್ತಾ ಜನ ಸಾವಿರಾರು ಸಂಖ್ಯೆಯಲ್ಲಿ ಇದೇ ಮರಗಳ ಬೀದಿಗಳಿಗೆ ಇಳಿದರು. ದ್ರಾಕ್ಷಿ ಬೆಳೆಗಾರರೂ ವಿದ್ಯಾರ್ಥಿಗಳೂ ಒಟ್ಟಿಗೆ ನಡೆದರು. ತಿಂಗಳು ಮುಗಿಯುವ ಮುನ್ನವೇ ಸಡಿಲಿಸಿದ ಆ ಸಭೆಯೇ ತನ್ನ ತಿದ್ದುಪಡಿಯನ್ನು ರದ್ದು ಮಾಡಿ ಹಳೆಯ ಕಾನೂನನ್ನು ಮರಳಿ ಜಾರಿಗೆ ತಂದಿತು.